'ಟೇಕ್ ಆನ್ ಮಿ' ಕಲಿಯುವುದು ಹೇಗೆ: ಕೀಬೋರ್ಡಿನ ಮೊದಲ ಸ್ವರದಿಂದ ಕೊನೆಯ ಏರುದನಿಯವರೆಗೆ

'ಟೇಕ್ ಆನ್ ಮಿ' ನಾರ್ವೆಯ 'ಎ-ಹಾ' ಬ್ಯಾಂಡಿನ ಪ್ರಸಿದ್ಧ ಇಂಗ್ಲಿಷ್ ಹಾಡು. ಇದನ್ನು ಕಲಿಯಲು ಕೂತವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಪಲ್ಲವಿಯ ಕೊನೆಗೆ ಬರುವ ಆ ಎತ್ತರದ ಸ್ವರಕ್ಕೆ. ಗಂಟಲು ಕಟ್ಟುತ್ತದೆ, ಹಾಡನ್ನೇ ಬಿಟ್ಟುಬಿಡುತ್ತಾರೆ. ನಾನೂ ಎರಡು ಸಲ ಹಾಗೇ ಬಿಟ್ಟಿದ್ದೆ. ಮೂರನೇ ಸಲ ಬೇರೆ ದಾರಿ ಹಿಡಿದೆ. ಹಾಡು ಯಾವ ಕ್ರಮದಲ್ಲಿ ಹುಟ್ಟಿತೋ ಅದೇ ಕ್ರಮದಲ್ಲಿ ಕಲಿತೆ. ಮೊದಲು ಕೀಬೋರ್ಡಿನ ಆ ಪುಟ್ಟ ಸ್ವರಗುಚ್ಛ, ಆಮೇಲೆ ಕಾರ್ಡುಗಳು (ಒಟ್ಟಿಗೆ ಒತ್ತುವ ಮೂರು ಸ್ವರಗಳ ಗುಂಪು), ಆಮೇಲೆ ತಾಳ, ಎಲ್ಲಕ್ಕಿಂತ ಕೊನೆಗೆ ದನಿ. ಆಗ ಹಾಡು ಕೈಗೂ ಬಂತು, ಗಂಟಲಿಗೂ ಬಂತು.

ಅದೇ ದಾರಿಯನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಒಂದೂವರೆ ಎರಡು ತಿಂಗಳಲ್ಲಿ ಹಾಡು ಪೂರ್ತಿ ನಿಮ್ಮದಾಗುತ್ತದೆ. ಪಾಶ್ಚಾತ್ಯ ಸ್ವರಲಿಪಿ ಓದಲು ಬರಬೇಕಾಗಿಲ್ಲ. ಚಿಕ್ಕಂದಿನಲ್ಲಿ ನಾಲ್ಕು ತಿಂಗಳು ಸರಳೆ ವರಸೆ ಹೇಳಿಕೊಂಡಿದ್ದರೂ ಸಾಕು.

ಮೊದಲು ಹಾಡಿನ ಕಥೆ

ಕಲಿಯುವ ಕ್ರಮ ಈ ಕಥೆಯಲ್ಲೇ ಇದೆ. ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಓದಿ.

ನಾರ್ವೆ ದೇಶದ ಓಸ್ಲೋದಲ್ಲಿ ಪಾಲ್ ವಾಕ್ಟಾರ್ ಮತ್ತು ಮಾಗ್ನೆ ಫುರುಹೊಲ್ಮೆನ್ ಎಂಬ ಇಬ್ಬರು ಹುಡುಗರು 'ಬ್ರಿಜಸ್' ಎಂಬ ಬ್ಯಾಂಡ್ ಕಟ್ಟಿಕೊಂಡಿದ್ದರು. ಅವರಿಗೆ 'ದ ಡೋರ್ಸ್' ಬ್ಯಾಂಡಿನ ಗುಂಗು. ಗಂಭೀರವಾದ, ಕತ್ತಲೆ ಕವಿದಂಥ ಹಾಡುಗಳು ಅವರಿಗೆ ಬೇಕಿದ್ದವು. ಮಾಗ್ನೆಗೆ ಹದಿನೈದರ ಹೊತ್ತಿಗೆ ಕೀಬೋರ್ಡಿನಲ್ಲಿ ಒಂದು ಕುಣಿಯುವ ಸ್ವರಗುಚ್ಛ ಹೊಳೆಯಿತು. ಅದು ತೀರಾ ಚೂಯಿಂಗ್ ಗಮ್ ಜಾಹೀರಾತಿನ ಹಾಗಿದೆ ಎಂದು ಇಬ್ಬರಿಗೂ ಅನಿಸಿತು. ಒಂದು ಚೂಯಿಂಗ್ ಗಮ್ಮಿನ ಹೆಸರು ಹಿಡಿದು 'ಜ್ಯೂಸಿ ಫ್ರೂಟ್ ಸಾಂಗ್' ಎಂದೇ ಅದನ್ನು ಕರೆದರು. ಅದರ ಸುತ್ತ 'ಮಿಸ್ ಈರಿ' ಎಂಬ ಹಾಡು ಕಟ್ಟಿದರು, ಆದರೆ ಮುಂದಕ್ಕೆ ಒಯ್ಯಲಿಲ್ಲ.

ಆಮೇಲೆ ಮಾರ್ಟೆನ್ ಹಾರ್ಕೆಟ್ ಎಂಬ ಹಾಡುಗಾರ ಜೊತೆಯಾದ. ಆ ಸ್ವರಗುಚ್ಛ ಕೇಳಿದ ಕೂಡಲೇ ಅದರಲ್ಲಿ ಏನೋ ಇದೆ ಎಂದು ಹಿಡಿದುಕೊಂಡವನು ಅವನೇ. 1982ರಲ್ಲಿ ಮೂವರೂ ಸೇರಿ 'ಎ-ಹಾ' ಆದರು. ಹಾಡು 'ಲೆಸನ್ ಒನ್' ಎಂದು ಹೆಸರು ಬದಲಿಸಿತು, ಸಾಹಿತ್ಯ ಬದಲಿಸಿತು, ಕೊನೆಗೆ 'ಟೇಕ್ ಆನ್ ಮಿ' ಆಯಿತು. ಲಂಡನ್ನಿಗೆ ಹೋಗಿ ಟೋನಿ ಮ್ಯಾನ್ಸ್‌ಫೀಲ್ಡ್ ಎಂಬ ನಿರ್ಮಾಪಕನ ಜೊತೆ ರೆಕಾರ್ಡ್ ಮಾಡಿ 1984ರಲ್ಲಿ ಬಿಡುಗಡೆ ಮಾಡಿದರು. ನಾರ್ವೆಯ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು. ಬ್ರಿಟನ್ನಿನಲ್ಲಿ ಯಾರೂ ಗಮನಿಸಲಿಲ್ಲ. ಅಲನ್ ಟಾರ್ನಿ ಎಂಬ ಇನ್ನೊಬ್ಬ ನಿರ್ಮಾಪಕನ ಜೊತೆ ಮತ್ತೆ ರೆಕಾರ್ಡ್ ಮಾಡಿದರು. 1985ರಲ್ಲಿ ಬಿಟ್ಟರು. ಬ್ರಿಟನ್ನಿನಲ್ಲಿ ಅದೂ ಓಡಲಿಲ್ಲ. ಪೆನ್ಸಿಲ್ ಚಿತ್ರಗಳ ಆ ಪ್ರಸಿದ್ಧ ವಿಡಿಯೋ ಬಂದ ಮೇಲೆ ಅಲ್ಲಿ ಮೂರನೇ ಸಲ ಬಿಡುಗಡೆಯಾಯಿತು. 1985ರ ಅಕ್ಟೋಬರ್ 19ರ ಪಟ್ಟಿಯಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರ ಮೊದಲ ಸ್ಥಾನದಲ್ಲಿ ಈ ಹಾಡಿತ್ತು. ನಾರ್ವೆಯವರ ಹಾಡೊಂದು ಅಲ್ಲಿ ಮೊದಲ ಸ್ಥಾನಕ್ಕೇರಿದ್ದು ಅದೇ ಮೊದಲು.

ಅಂದರೆ ಈ ಹಾಡು ಒಂದೇ ಏಟಿಗೆ ಆದದ್ದಲ್ಲ. ಪದರದ ಮೇಲೆ ಪದರ ಬಿದ್ದು ಆದದ್ದು. ಕಲಿಯುವಾಗಲೂ ಒಂದೊಂದೇ ಪದರ ತೆಗೆದುಕೊಳ್ಳೋಣ.

ಏನೇನು ಬೇಕು

ಕನಿಷ್ಠ 49 ಕೀಗಳ ಕೀಬೋರ್ಡ್ ಇದ್ದರೆ ಒಳ್ಳೆಯದು. ಮಕ್ಕಳು ಕಲಿಯುವ ಸಾಮಾನ್ಯ ಕ್ಯಾಸಿಯೋ ಸಾಕು. ಅದೂ ಇಲ್ಲದಿದ್ದರೆ ಹಾರ್ಮೋನಿಯಂ ನಡೆಯುತ್ತದೆ. ಬಿಳಿ ಆರನ್ನು ಷಡ್ಜ ಮಾಡಿಕೊಂಡರೆ ಮೂಲ ಹಾಡಿನ ಶ್ರುತಿಯೇ ಸಿಗುತ್ತದೆ. ಮೊಬೈಲಿನಲ್ಲಿ ಒಂದು ಮೆಟ್ರೊನೋಮ್ ಆ್ಯಪ್ (ಒಂದೇ ವೇಗದಲ್ಲಿ ಟಕ್ ಟಕ್ ಎಂದು ಎಣಿಕೆ ಹಾಕುವುದು) ಹಾಕಿಕೊಳ್ಳಿ. ಒಳ್ಳೆಯ ಇಯರ್‌ಫೋನ್ ಬೇಕು, ಯಾಕೆಂದರೆ ಫೋನಿನ ಸ್ಪೀಕರಿನಲ್ಲಿ ಬೇಸ್, ಅಂದರೆ ತಳದ ತಗ್ಗು ಸ್ವರಗಳು, ಕೇಳಿಸುವುದೇ ಇಲ್ಲ. ಇಷ್ಟೇ.

ಹಂತ 1: ಮೂರು ರೂಪಗಳನ್ನು ಕೇಳಿ

ಮೊದಲ ಮೂರು ದಿನ ಕೀಬೋರ್ಡ್ ಮುಟ್ಟಬೇಡಿ. ಸುಮ್ನೆ ಕೇಳಿ.

ಮೊದಲ ದಿನ 1985ರ, ಅಂದರೆ ಎಲ್ಲರಿಗೂ ಗೊತ್ತಿರುವ ರೂಪ. ಒಂದು ಸಲ ದನಿ ಮಾತ್ರ ಗಮನಿಸಿ. ಇನ್ನೊಂದು ಸಲ ಡ್ರಮ್ ಮಾತ್ರ. ಮತ್ತೊಂದು ಸಲ ಬೇಸ್ ಮಾತ್ರ. ಹೀಗೆ ಒಂದೇ ಎಳೆ ಹಿಡಿದು ಕೇಳುವ ಅಭ್ಯಾಸ ಇಲ್ಲದಿದ್ದರೆ ಮೊದಲು ಕಷ್ಟ ಅನಿಸುತ್ತದೆ, ನಾಲ್ಕನೇ ಸಲಕ್ಕೆ ಕಿವಿ ತಾನಾಗಿ ಬೇರ್ಪಡಿಸುತ್ತದೆ.

ಎರಡನೇ ದಿನ 1984ರ ರೂಪ. ಹುಡುಕಿದರೆ ಸುಲಭವಾಗಿ ಸಿಗುತ್ತದೆ. ರಾಗ ಅದೇ, ಮಾತು ಬಹುಪಾಲು ಅದೇ, ಹಾಡಿದವನೂ ಅವನೇ. ಆದರೂ ಏನೋ ತೆಳುವಾಗಿದೆ ಅನಿಸುತ್ತದೆ. ಇದನ್ನು ಕೇಳದೆ ಮುಂದೆ ಹೋಗಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಎರಡನ್ನೂ ಬೆನ್ನಿಗೆ ಬೆನ್ನು ಕೇಳಿದಾಗ ಮಾತ್ರ ಟಾರ್ನಿ ಏನು ಮಾಡಿದ ಎಂದು ತಿಳಿಯುತ್ತದೆ. ಕೀಬೋರ್ಡಿನ ಸ್ವರಗುಚ್ಛ ಎದ್ದು ಕಾಣುತ್ತದೆ, ದನಿಗೆ ಜಾಗ ಸಿಗುತ್ತದೆ, ಪಲ್ಲವಿ ಹತ್ತುವಾಗ ಕೆಳಗಿನಿಂದ ಒಂದು ತಳ್ಳು ಇರುತ್ತದೆ.

ಮೂರನೇ ದಿನ 2017ರ ರೂಪ. ನಾರ್ವೆಯ ಗಿಸ್ಕೆ ಎಂಬ ದ್ವೀಪದಲ್ಲಿ ಎಮ್‌ಟಿವಿ ಅನ್‌ಪ್ಲಗ್ಡ್ ಕಾರ್ಯಕ್ರಮಕ್ಕಾಗಿ ಹಾಡಿದ್ದು. ಇಲ್ಲಿ ಹಾಡು ನಿಧಾನ, ಜೋಗುಳದ ಹತ್ತಿರಕ್ಕೆ ಬಂದುಬಿಡುತ್ತದೆ. ಕುಣಿತದ ಕೆಳಗೆ ಇಷ್ಟು ದುಃಖ ಇತ್ತಾ ಅನಿಸುತ್ತದೆ. ದನಿಯ ಹಂತಕ್ಕೆ ಬಂದಾಗ ನಾವು ಶುರು ಮಾಡುವುದು ಈ ನಿಧಾನದ ರೂಪದಿಂದಲೇ.

ಹಂತ 2: ರಿಫ್, ಆದಿತಾಳದಲ್ಲಿ

ಹಾಡಿನುದ್ದಕ್ಕೂ ಮರಳಿ ಮರಳಿ ಬರುವ ಆ ಕೀಬೋರ್ಡ್ ತುಣುಕನ್ನು ರಿಫ್ ಎನ್ನುತ್ತಾರೆ. ಮಾಗ್ನೆ ಅದನ್ನು ರೋಲ್ಯಾಂಡ್ ಕಂಪನಿಯ ಜೂನೋ-60 ಸಿಂಥಸೈಜರಿನಲ್ಲಿ ನುಡಿಸಿದ. ಈ ಇಡೀ ಪಾಠದಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ.

ಹಾಡು ಎ ಮೇಜರ್‌ನಲ್ಲಿದೆ. ನಮ್ಮ ಲೆಕ್ಕದಲ್ಲಿ ಹೇಳಿದರೆ 29ನೇ ಮೇಳ ಧೀರಶಂಕರಾಭರಣದ ಸ್ವರಸ್ಥಾನಗಳು, ಎ ಎಂಬುದು ಷಡ್ಜ. ರಾಗ ಬೇರೆ, ಗಮಕ ಇಲ್ಲ, ಸ್ವರಸ್ಥಾನ ಮಾತ್ರ ಒಂದೇ ಎಂಬುದು ನೆನಪಿರಲಿ. ಕೀಬೋರ್ಡಿನ ನಡುವಿನ ಸಿ ಇಂದ ಬಲಕ್ಕೆ ಹೋಗಿ. ಮೊದಲು ಸಿಗುವ ಎ ನಿಮ್ಮ ಸ. ಅಲ್ಲಿಂದ ಬಿ ರಿಷಭ, ಸಿ ಶಾರ್ಪ್ ಗಾಂಧಾರ, ಡಿ ಮಧ್ಯಮ, ಇ ಪಂಚಮ, ಎಫ್ ಶಾರ್ಪ್ ಧೈವತ, ಜಿ ಶಾರ್ಪ್ ನಿಷಾದ. ಮೊದಲು ಈ ಏಳು ಸ್ವರವನ್ನು ಆರೋಹಣ ಅವರೋಹಣವಾಗಿ ಹತ್ತು ಸಲ ನುಡಿಸಿ. ಕಪ್ಪು ಕೀ ಯಾವುದು ಬಿಳಿ ಯಾವುದು ಎಂದು ಬೆರಳಿಗೆ ಗೊತ್ತಾಗಲಿ.

ಈಗ ರಿಫ್. ಅದು ಸರಿಯಾಗಿ ಆದಿತಾಳದ ಎರಡು ಆವರ್ತ. ಸರಳೆ ವರಸೆಯ ಎರಡನೇ ಕಾಲದ ಹಾಗೆ, ಒಂದು ಎಣಿಕೆಗೆ ಎರಡು ಸ್ವರ. ಅಲ್ಪವಿರಾಮ ಇದ್ದಲ್ಲಿ ಮೌನ. ಪಕ್ಕದಲ್ಲಿ ಗೆರೆ ಇರುವ ಸ್ವರ ತಾರಸ್ಥಾಯಿಯದು.

ಮೊದಲ ಆವರ್ತ:
ದದ ಮರಿ ,ರಿ ,ಪ | ,ಪ ,ಪ | ನಿನಿ ಸ'ರಿ'

ಎರಡನೇ ಆವರ್ತ:
ಸ'ಸ' ಸ'ಪ ,ಮ ,ದ | ,ದ ,ದ | ಪಪ ದಪ

ಕೀಬೋರ್ಡಿಗೆ ಕೈ ಹಾಕುವ ಮೊದಲು ತೊಡೆಯ ಮೇಲೆ ತಾಳ ಹಾಕುತ್ತಾ ಇದನ್ನು ಬಾಯಲ್ಲಿ ಹೇಳಿ. ಆಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಮೂರು, ನಾಲ್ಕು, ಐದು, ಆರನೇ ಎಣಿಕೆಗಳಲ್ಲಿ ಕೈ ಬಿದ್ದಾಗ ಸ್ವರ ಇಲ್ಲ. ಸ್ವರ ಬರುವುದು ಎರಡು ಎಣಿಕೆಗಳ ನಡುವಿನ ಸಂದಿಯಲ್ಲಿ. ಏಳನೇ ಎಣಿಕೆಗೆ ಮತ್ತೆ ಕೈಯೂ ಸ್ವರವೂ ಒಟ್ಟಿಗೆ ಬೀಳುತ್ತವೆ. ಕೇಳುವವರ ಕಾಲು ತಾನಾಗಿ ಅಲ್ಲಾಡುವುದು ಈ ಜಾಗದಿಂದ. ತಾಳ ಒಂದು ಕಡೆ ಎಳೆಯುತ್ತದೆ, ರಾಗ ಅರೆ ಎಣಿಕೆ ತಡವಾಗಿ ಓಡುತ್ತದೆ, ಕೊನೆಗೆ ಎರಡೂ ಕೈ ಹಿಡಿದುಕೊಳ್ಳುತ್ತವೆ. ಎರಡನೇ ಆವರ್ತದಲ್ಲೂ ಲಯ ಅದೇ, ಸ್ವರ ಮಾತ್ರ ಬೇರೆ. ಒಂದನ್ನು ಕಲಿತರೆ ಎರಡನೆಯದರ ಅರ್ಧ ಕೆಲಸ ಮುಗಿದಂತೆ.

ಇದನ್ನು ಕೈಗೆ ತರುವ ಬಗೆ ಹೀಗೆ. ಎರಡು ದಿನ ಬರೀ ಲಯ. ಸ್ವರದ ಬದಲು "ತ" ಎಂದು ಹೇಳಿ: ತತ ತತ ,ತ ,ತ ,ತ ,ತ ತತ ತತ. ಮೆಟ್ರೊನೋಮ್ ನಿಮಿಷಕ್ಕೆ 60ರಲ್ಲಿರಲಿ. ಮೌನದ ಜಾಗದಲ್ಲಿ ತಲೆ ಸ್ವಲ್ಪ ಬಾಗಿಸಿ, ಅದರಿಂದ ಮೌನವನ್ನೂ ಎಣಿಸಿದಂತಾಗುತ್ತದೆ. ಬಹಳ ಜನ ಎಡವುವುದು ಐದನೇ ಎಣಿಕೆಯಲ್ಲಿ, ಯಾಕೆಂದರೆ ಅಲ್ಲಿ ಹೊಸ ಪೆಟ್ಟು ಬೀಳುತ್ತದೆ, ಬೆರಳು ತಾನಾಗಿ ಅದರ ಮೇಲೆ ಸ್ವರ ಒತ್ತಲು ಹೋಗುತ್ತದೆ. ಅಲ್ಲಿ ತಡೆದುಕೊಳ್ಳುವುದನ್ನು ಕಲಿತರೆ ರಿಫ್ ಬಂದ ಹಾಗೇ.

ಮೂರನೇ ದಿನದಿಂದ ಬೆರಳು. ಬಲಗೈ ಹೆಬ್ಬೆರಳು ರಿ ಮೇಲೆ, ತೋರುಬೆರಳು ಮ ಮೇಲೆ, ಉಂಗುರ ಬೆರಳು ದ ಮೇಲೆ. ಮೊದಲ ಮೂರು ಎಣಿಕೆ ಇಷ್ಟರಲ್ಲೇ ಮುಗಿಯುತ್ತದೆ. ನಾಲ್ಕನೇ ಎಣಿಕೆಯ ಪ ಬರುವಾಗ ತೋರುಬೆರಳನ್ನು ಪ ಮೇಲಿಡಿ. ಆಗ ಹೆಬ್ಬೆರಳು ತಾನಾಗಿ ಮ ಹತ್ತಿರ ಬರುತ್ತದೆ, ನಡುಬೆರಳಿಗೆ ನಿ, ಉಂಗುರ ಬೆರಳಿಗೆ ಮೇಲಿನ ಸ, ಕಿರುಬೆರಳಿಗೆ ಮೇಲಿನ ರಿ ಸಿಗುತ್ತವೆ. ಎರಡನೇ ಆವರ್ತ ಪೂರ್ತಿ ಕೈ ಅಲ್ಲೇ ಇರಲಿ. ದ ಬಂದಾಗ ನಡುಬೆರಳನ್ನೇ ನಿ ಇಂದ ಕೆಳಗಿಳಿಸಿ. ಅಂದರೆ ಇಡೀ ರಿಫ್‌ಗೆ ಕೈ ಜಾಗ ಬದಲಿಸುವುದು ಒಂದೇ ಸಲ, ಮತ್ತೆ ಮೊದಲಿಗೆ ಹೋಗುವಾಗ ಇನ್ನೊಂದು ಸಲ.

ವೇಗದ ಬಗ್ಗೆ ಆತುರ ಬೇಡ. ಮೂಲ ಹಾಡಿನ ವೇಗ ನಿಮಿಷಕ್ಕೆ ಸುಮಾರು 169 ಎಣಿಕೆ. ಆ ವೇಗದಲ್ಲಿ ಈ ಎರಡು ಆವರ್ತ ಆರು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. 60ರಲ್ಲಿ ಸತತ ಐದು ಸಲ ತಪ್ಪಿಲ್ಲದೆ ಬಂದರೆ 66ಕ್ಕೆ ಹೋಗಿ. ಹೀಗೆ ಐದು ಆರು ಅಂಕೆ ಏರಿಸುತ್ತಾ ಹೋಗಿ. 110ರ ಹತ್ತಿರ ಒಂದು ಗೋಡೆ ಬರುತ್ತದೆ. ಅಲ್ಲಿ ಬೆರಳು ಬಿಗಿಯಾಗುತ್ತದೆ. ಒಂದು ದಿನ ಬಿಟ್ಟು ಮತ್ತೆ 90ರಿಂದ ಶುರು ಮಾಡಿ. ನನಗೆ 169 ಮುಟ್ಟಲು ಮೂರು ವಾರ ಬೇಕಾಯಿತು. ಬೇಗ ಆಗದಿದ್ದರೂ ಚಿಂತೆಯಿಲ್ಲ.

ಕೀಬೋರ್ಡಿನ ಸದ್ದು ಯಾವುದಿರಲಿ? ಪಿಯಾನೋ ಬೇಡ. 'ಸಿಂಥ್ ಬ್ರಾಸ್' ಅಥವಾ 'ಸಾ ಲೀಡ್' ಎಂದಿರುವುದನ್ನು ಆರಿಸಿ. 'ಕೋರಸ್' ಎಂಬ ಎಫೆಕ್ಟ್ ಇದ್ದರೆ ಹಾಕಿ. ಜೂನೋ-60ರ ಆ ಹರಡಿಕೊಂಡ, ಸ್ವಲ್ಪ ಮಿನುಗುವ ಸದ್ದಿಗೆ ಕಾರಣ ಅದರೊಳಗಿನ ಕೋರಸ್ ಎಫೆಕ್ಟೇ.

ಹಂತ 3: ಎಡಗೈಗೆ ಕಾರ್ಡುಗಳು

ಬೇಕಾಗುವುದು ಮುಖ್ಯವಾಗಿ ಐದು ಕಾರ್ಡು. ಸ್ವರದಲ್ಲೇ ಹೇಳುತ್ತೇನೆ.

ಬಿ ಮೈನರ್: ರಿ ಮ ದ
ಇ ಮೇಜರ್: ಪ ನಿ ರಿ
ಎ ಮೇಜರ್: ಸ ಗ ಪ
ಡಿ ಮೇಜರ್: ಮ ದ ಸ
ಎಫ್ ಶಾರ್ಪ್ ಮೈನರ್: ದ ಸ ಗ

ರಿಫ್ ಕೆಳಗೆ ನಾಲ್ಕು ನಾಲ್ಕು ಎಣಿಕೆಗೆ ಒಂದೊಂದು ಕಾರ್ಡು: ಬಿ ಮೈನರ್, ಇ, ಎ, ಕೊನೆಯ ನಾಲ್ಕರಲ್ಲಿ ಎರಡು ಎಣಿಕೆ ಡಿ, ಎರಡು ಎಣಿಕೆ ಎ. ಚರಣದ ಸಾಲುಗಳೂ ಇದೇ ಜಾಡಿನಲ್ಲಿ ಹೋಗುತ್ತವೆ. ಮೂರನೇ ಸಾಲಿಗೆ ಬಂದಾಗ ಮಾತ್ರ ತಿರುವು. ಬಿ ಮೈನರ್, ಇ ಆದ ಮೇಲೆ ಎ ಬರುತ್ತದೆ ಎಂದು ಕಿವಿ ಕಾಯುತ್ತಿರುತ್ತದೆ, ಬರುವುದು ಎಫ್ ಶಾರ್ಪ್ ಮೈನರ್, ಆಮೇಲೆ ಡಿ. ಅಲ್ಲಿಂದ ಮತ್ತೆ ಬಿ ಮೈನರ್, ಇ, ಆಮೇಲೆ ಪಲ್ಲವಿ.

ಒಂದು ಮಾತು ಗಮನಿಸಿ. ರಿಫ್ ಆಗಲಿ ಚರಣ ಆಗಲಿ, ಷಡ್ಜದ ಕಾರ್ಡಿನಿಂದ ಶುರುವಾಗುವುದಿಲ್ಲ. ರಿಷಭದ ಮೈನರ್ ಕಾರ್ಡಿನಿಂದ ಶುರುವಾಗುತ್ತದೆ. ಮನೆಯ ಬಾಗಿಲಲ್ಲಿ ನಿಲ್ಲದೆ ಬೀದಿಯಿಂದಲೇ ಕಥೆ ಆರಂಭವಾದ ಹಾಗೆ. ಪಲ್ಲವಿಯ ಮೊದಲ ಅಕ್ಷರಕ್ಕೆ ಮಾತ್ರ ನೇರವಾಗಿ ಎ ಬೀಳುತ್ತದೆ. ಅಲ್ಲಿ ಬರುವ ಆ ನಿರಾಳ ಭಾವಕ್ಕೆ ಇದೇ ಕಾರಣ. ಹಾಗಾಗಿ ಪಲ್ಲವಿಯ ಮೊದಲ ಎ ಅನ್ನು ಎರಡೂ ಕೈಯಿಂದ ತುಂಬಾ ಖಚಿತವಾಗಿ ಒತ್ತಿ.

ಪಲ್ಲವಿಯ ಕಾರ್ಡು ಎ, ಇ, ಎಫ್ ಶಾರ್ಪ್ ಮೈನರ್, ಡಿ. ಎಡಗೈ ಬೇಸ್‌ನಲ್ಲಿ ಸ, ನಿ, ದ, ಮ ಎಂದು ಇಳಿಯುತ್ತಾ ಹೋಗಿ. ಅಂದರೆ ಇ ಕಾರ್ಡು ಬಂದಾಗಲೂ ಬೇಸ್‌ನಲ್ಲಿ ಪ ಬದಲು ನಿ ಒತ್ತಬೇಕು. ಹಾಡುವವನ ದನಿ ಮೇಲಕ್ಕೆ ಹತ್ತುತ್ತಿರುವಾಗ ಬೇಸ್ ಕೆಳಕ್ಕೆ ಇಳಿಯುತ್ತಿರುತ್ತದೆ. ಪಲ್ಲವಿ ಅಷ್ಟು ವಿಶಾಲ ಅನಿಸುವುದು ಈ ಎರಡರ ನಡುವೆ ಅಗಲವಾಗುವ ಜಾಗದಿಂದ. ಇದೊಂದನ್ನು ಸರಿಯಾಗಿ ನುಡಿಸಿದರೆ ಸಾದಾ ಕೀಬೋರ್ಡಿನಲ್ಲೂ ಹಾಡು ಎದ್ದು ನಿಲ್ಲುತ್ತದೆ.

ನಡುವೆ ದನಿ ಇಲ್ಲದ ಒಂದು ಭಾಗ ಬರುತ್ತದೆ. ಸಿ ಶಾರ್ಪ್ ಮೈನರ್ ಮತ್ತು ಜಿ ಮೇಜರ್ ಎರಡು ಸಲ, ಆಮೇಲೆ ಬಿ ಮೈನರ್, ಇ. ಈ ಜಿ ಶಂಕರಾಭರಣಕ್ಕೆ ಸೇರದ ಸ್ವರ, ನಮ್ಮ ಕೈಶಿಕಿ ನಿಷಾದ. ಹೊರಗಿನಿಂದ ಬಂದ ಆ ಒಂದು ಸ್ವರದಿಂದ ಬೆಳಕು ಸಟಕ್ಕನೆ ಬದಲಾದ ಹಾಗಾಗುತ್ತದೆ. ತಪ್ಪಾಗಿದೆಯೇನೋ ಎಂದು ತಿದ್ದಲು ಹೋಗಬೇಡಿ.

ಹಂತ 4: ತಾಳ

ಇದು ಚಿಕ್ಕ ಹಂತ. ಮೂಲದಲ್ಲಿ ಲಿನ್‌ಡ್ರಮ್ ಎಂಬ ಡ್ರಮ್ ಯಂತ್ರ ಇದೆ, ಸಿಂಬಲ್ಲು ಹೈಹ್ಯಾಟು ಎಂಬ ಲೋಹದ ತಟ್ಟೆಗಳ ಸದ್ದನ್ನು ಆಮೇಲೆ ನಿಜವಾದವುಗಳಿಂದ ಸೇರಿಸಿದ್ದಾರೆ. ಕೀಬೋರ್ಡಿನಲ್ಲಿರುವ '8 ಬೀಟ್' ಅಥವಾ 'ಪಾಪ್' ರಿದಮ್ ಹಾಕಿಕೊಳ್ಳಿ. 1 ಮತ್ತು 3ಕ್ಕೆ ದಪ್ಪ ಪೆಟ್ಟು, 2 ಮತ್ತು 4ಕ್ಕೆ ಚಟ್ ಎನ್ನುವ ಪೆಟ್ಟು ಇದ್ದರೆ ಸಾಕು. ಕೀಬೋರ್ಡು ತಾನೇ ಕಾರ್ಡು ನುಡಿಸುವ ಆಟೋ ಕಾರ್ಡು ಮಾತ್ರ ಆಫ್ ಮಾಡಿಡಿ, ಇಲ್ಲದಿದ್ದರೆ ಎಡಗೈ ಬೇಸ್ ಇಳಿಯುವುದು ಕೇಳಿಸುವುದೇ ಇಲ್ಲ.

ಹಂತ 5: ದನಿ

ಈಗ ಎಲ್ಲರೂ ಹೆದರುವ ಜಾಗ.

ಮಾರ್ಟೆನ್ ಹಾರ್ಕೆಟ್ ಈ ಹಾಡಿನಲ್ಲಿ ಎರಡೂವರೆ ಸ್ಥಾಯಿಯಷ್ಟು ಸಂಚರಿಸುತ್ತಾನೆ. ಹಾಡಿನ ಅತಿ ಕೆಳಗಿನ ಸ್ವರ ಬರುವುದು ಪಲ್ಲವಿಯ ಮೊದಲ ಅಕ್ಷರದಲ್ಲಿ. ಅತಿ ಮೇಲಿನದು ಬರುವುದು ಪಲ್ಲವಿಯ ಕೊನೆಯ ಅಕ್ಷರದಲ್ಲಿ. ಗಂಡುದನಿಯ ಲೆಕ್ಕದಲ್ಲಿ ಮಂದ್ರ ಷಡ್ಜದಿಂದ ತಾರ ಪಂಚಮದವರೆಗೆ. ನಮ್ಮ ಕಛೇರಿಗಳಲ್ಲಿ ಮಂದ್ರ ಪಂಚಮದಿಂದ ತಾರ ಪಂಚಮ ಮುಟ್ಟಿದರೇ ಒಳ್ಳೆಯ ಶಾರೀರ ಎನ್ನುತ್ತೇವೆ, ಅಲ್ವಾ? ಇಲ್ಲಿ ಅದಕ್ಕೂ ಕೆಳಗೆ ಇಳಿದು, ಅಲ್ಲಿಂದ ನಾಲ್ಕೇ ಸಾಲಿನಲ್ಲಿ ತುದಿಗೆ ಹೋಗಬೇಕು.

ಮೊದಲು ನಿಮ್ಮ ಶ್ರುತಿ ಹುಡುಕಿ. ಬೆಳಗ್ಗೆ ಎದ್ದ ಕೂಡಲೇ ಬೇಡ, ಆಗ ದನಿ ತಗ್ಗಿರುತ್ತದೆ, ಲೆಕ್ಕ ತಪ್ಪುತ್ತದೆ. ಸಂಜೆ ಹೊತ್ತು ಕೂತು, ಬಿಗಿಯಿಲ್ಲದೆ ಎಷ್ಟು ಕೆಳಗೆ ಹೋಗಬಲ್ಲಿರಿ, ತೆಳುದನಿಯಲ್ಲಿ ಎಷ್ಟು ಮೇಲೆ ಹೋಗಬಲ್ಲಿರಿ ಎಂದು ಕೀಬೋರ್ಡಿನಲ್ಲಿ ಗುರುತು ಮಾಡಿ. ಎರಡರ ನಡುವೆ ಎರಡೂವರೆ ಸ್ಥಾಯಿ ಇದ್ದರೆ ಅದಕ್ಕೆ ಹೊಂದುವಂತೆ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಶ್ರುತಿ ಬದಲಿಸಿ. ಬೆರಳು ಅದೇ ಕೀಗಳ ಮೇಲಿರುತ್ತದೆ, ಸದ್ದು ಮಾತ್ರ ಏರಿಳಿಯುತ್ತದೆ. ಅಷ್ಟು ಅಗಲ ಇಲ್ಲದಿದ್ದರೆ, ಹೆಚ್ಚಿನವರಿಗೆ ಇರುವುದಿಲ್ಲ, ಮೇಲಿನ ತುದಿಯನ್ನು ಮೊದಲು ಸರಿಹೊಂದಿಸಿ. ಕೆಳಗಿನ ಒಂದು ಅಕ್ಷರವನ್ನು ಒಂದು ಸ್ಥಾಯಿ ಮೇಲೆ ಹಾಡಿದರೆ ನಷ್ಟ ಕಡಿಮೆ. ಹೆಣ್ಣುದನಿಯವರಿಗೆ ಮೂಲ ಶ್ರುತಿಯ ಮಂದ್ರ ಷಡ್ಜ ಸಾಮಾನ್ಯವಾಗಿ ಎಟುಕುವುದಿಲ್ಲ, ಆದರೆ ಕೊನೆಯ ಸ್ವರ ಸಲೀಸು. ಅವರು ಶ್ರುತಿ ಬದಲಿಸದೆ ಆ ಮೊದಲ ಅಕ್ಷರವನ್ನು ಮಾತ್ರ ಎತ್ತಿಕೊಂಡರೆ ಸಾಕು.

ಎರಡನೆಯದು ಮೊದಲ ನೆಗೆತ. ಪಲ್ಲವಿಯ ಮೊದಲ ಮೂರು ಅಕ್ಷರ ಸ, ನಿ, ಸ'. ಷಡ್ಜದಿಂದ ನೇರ ನಿಷಾದಕ್ಕೆ, ಅಲ್ಲಿಂದ ಮೇಲಿನ ಷಡ್ಜಕ್ಕೆ. ನಿಷಾದ ಸ್ವಲ್ಪ ತಗ್ಗಿದರೂ ಹಾಡು ಕೆಡುತ್ತದೆ. ಇದಕ್ಕೆ ನಮ್ಮ ದಾಟು ವರಸೆ ಒಳ್ಳೆಯ ತಯಾರಿ. ಸರಿಗಮಪದನಿ ಪೂರ್ತಿ ಹಾಡಿ. ಆಮೇಲೆ ಸ ಗ ಪ ನಿ. ಆಮೇಲೆ ಸ ಪ ನಿ. ಆಮೇಲೆ ಸ ನಿ. ನಡುವಿನ ಮೆಟ್ಟಿಲುಗಳನ್ನು ಒಂದೊಂದೇ ತೆಗೆಯುತ್ತಾ ಹೋಗಿ. ಕೊನೆಗೆ ಆ ಸ್ವರಗಳನ್ನು ಮನಸ್ಸಿನಲ್ಲೇ ಹತ್ತಿ ನಿ ಮೇಲೆ ಇಳಿಯುತ್ತೀರಿ.

ಮೂರನೆಯದು ದನಿ ಬದಲಿಸುವ ಜಾಗ. ಮೇಲಿನ ಸ್ವರಗಳನ್ನು ಹಾರ್ಕೆಟ್ ಎದೆಯ ದನಿಯಲ್ಲಿ ಹಾಡುವುದಿಲ್ಲ. ಫಾಲ್ಸೆಟೋದಲ್ಲಿ ಹಾಡುತ್ತಾನೆ. ಸಂಗೀತದ ಮೇಷ್ಟ್ರುಗಳು ಕಳ್ಳದನಿ ಎಂದು ಗದರಿಸಿ ಬಿಡಿಸುತ್ತಿದ್ದದ್ದು ಇದನ್ನೇ. ಇಲ್ಲಿ ಅದೇ ಬೇಕು. ನಮ್ಮ ಕಡೆ ಕಲಿತವರಿಗೆ ದೊಡ್ಡ ಅಡ್ಡಿ ಗಂಟಲಿನದ್ದಲ್ಲ, ಈ ಸಂಕೋಚದ್ದು. ದೂರದಲ್ಲಿರುವ ಗೆಳೆಯನನ್ನು "ಊ" ಎಂದು ಕೂಗಿದಾಗ ಬರುವ ಹಗುರ ದನಿ ಇದೆಯಲ್ಲ, ಅದೇ. ಅಲ್ಲಿಂದ ಶುರು ಮಾಡಿ. ಕೊನೆಯ ಅಕ್ಷರದ ಉಚ್ಚಾರವೂ "ಊ" ಆಗಿರುವುದು ನಮಗೆ ಅನುಕೂಲ, ತೆಳುದನಿಗೆ "ಊ"ಕಾರ "ಆ"ಕಾರಕ್ಕಿಂತ ಸುಲಭ.

ದಿನವೂ ಹೀಗೆ ಮಾಡಿ. ತುಟಿಯನ್ನು "ಬ್ರ್ರ್" ಎಂದು ಅದುರಿಸುತ್ತಾ ಕೆಳಗಿನಿಂದ ಮೇಲಕ್ಕೆ ಜಾರಿ, ಐದು ಸಲ. ಆಮೇಲೆ "ಊ" ಎಂದು ಮೇಲಿನಿಂದ ಕೆಳಕ್ಕೆ ಜಾರಿ. ತೆಳುದನಿ ಎಲ್ಲಿ ಎದೆದನಿಗೆ ಸೇರುತ್ತದೆ ಎಂದು ಗುರುತಿಸಿ. ಹಾಡುವಾಗ ಆ ಗಡಿಗಿಂತ ಒಂದೆರಡು ಸ್ವರ ಮೊದಲೇ ತೆಳುದನಿಗೆ ಹೊರಳಿ. ಗಡಿಯವರೆಗೂ ಎದೆದನಿಯನ್ನು ಎಳೆದುಕೊಂಡು ಹೋದರೆ ಅಲ್ಲಿ ದನಿ ಒಡೆಯುತ್ತದೆ. ಮೊದಲು ಮೊದಲು ದನಿ ಸಣ್ಣಗಾಯಿತು ಅನಿಸುತ್ತದೆ. ಅನಿಸಲಿ. ವಾರ ಕಳೆದಂತೆ ಅದಕ್ಕೆ ಮೈ ಬರುತ್ತದೆ.

ಈಗ 2017ರ ನಿಧಾನದ ರೂಪ ಹಾಕಿಕೊಂಡು ಅದರ ಜೊತೆ ಪಲ್ಲವಿ ಹಾಡಿ. ನಿಧಾನದಲ್ಲಿ ಪ್ರತಿ ಸ್ವರದ ಮೇಲೂ ನಿಂತು ನೋಡಲು ಸಮಯ ಸಿಗುತ್ತದೆ. ನಾಲ್ಕು ಸಾಲುಗಳನ್ನು ನಾಲ್ಕು ಮೆಟ್ಟಿಲು ಎಂದುಕೊಳ್ಳಿ. ಮೊದಲ ಸಾಲಿಗೆ ಮಾತಾಡುವಷ್ಟೇ ಬಲ. ಕೊನೆಯ ಸಾಲಿಗೆ ಮೊದಲು ಮಾತ್ರ ಹೊಟ್ಟೆ ತುಂಬಾ ಉಸಿರು. ಬಲ ಜಾಸ್ತಿ ಮಾಡುತ್ತಾ ಹೋಗಬೇಡಿ, ಉಸಿರು ಉಳಿಸುತ್ತಾ ಹೋಗಿ. ಹಾರ್ಕೆಟ್ ಹಾಡುವಾಗ ನೋಡಿ, ಅಷ್ಟು ಮೇಲೆ ಹೋದರೂ ಕತ್ತಿನ ನರ ಎದ್ದಿರುವುದಿಲ್ಲ.

ದಿನಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಮೇಲಿನ ಸ್ವರಗಳಲ್ಲಿ ಇರಬೇಡಿ. ಗಂಟಲು ನೋವು, ಕೆರೆತ, ದನಿ ಗೊಗ್ಗರಾಗುವುದು ಇದ್ದರೆ ಅಂದಿಗೆ ನಿಲ್ಲಿಸಿ. ಬೆಚ್ಚಗಿನ ನೀರು ಕುಡಿಯಿರಿ.

2025ರ ಜೂನ್‌ನಲ್ಲಿ ಹಾರ್ಕೆಟ್ ತನಗೆ ಪಾರ್ಕಿನ್ಸನ್ ಕಾಯಿಲೆ ಇರುವುದನ್ನು, ಅದರಿಂದ ದನಿಗೂ ತೊಂದರೆಯಾಗಿರುವುದನ್ನು ತಿಳಿಸಿದ. ಅದನ್ನು ಓದಿದ ರಾತ್ರಿ ನಾನು ಮೂರೂ ರೂಪಗಳನ್ನು ಮತ್ತೆ ಕೇಳಿದೆ. ಆ ಕೊನೆಯ ಸ್ವರವನ್ನು ಅವನು ಎಷ್ಟು ಹಗುರವಾಗಿ ಇಟ್ಟಿದ್ದಾನೆ ಎಂದು ಅವತ್ತು ಇನ್ನೂ ಚೆನ್ನಾಗಿ ಕೇಳಿಸಿತು.

ಹಂತ 6: ವಿಡಿಯೋ ನೋಡಿ, ಈಗ

ಇಷ್ಟು ಹೊತ್ತು ವಿಡಿಯೋ ಬಗ್ಗೆ ಹೇಳದೆ ಇದ್ದದ್ದು ಬೇಕೆಂದೇ. ಮೊದಲೇ ನೋಡಿದರೆ ಕಣ್ಣು ಕಿವಿಯನ್ನು ನುಂಗುತ್ತದೆ. ಹಾಡು ಕೈಗೆ ಬಂದ ಮೇಲೆ ನೋಡಿದರೆ ಅದರಿಂದ ಹಾಡುವುದಕ್ಕೇ ಸಹಾಯವಾಗುತ್ತದೆ.

ನಿರ್ದೇಶಕ ಸ್ಟೀವ್ ಬ್ಯಾರನ್. ಲಂಡನ್ನಿನ ಕೆಫೆಯಲ್ಲಿ ಕೂತ ಹುಡುಗಿಯೊಬ್ಬಳು ಕಾಮಿಕ್ಸ್ ಓದುತ್ತಿರುತ್ತಾಳೆ. ಪುಟದೊಳಗಿನ ಹುಡುಗ ಕೈ ಚಾಚಿ ಒಳಗೆ ಕರೆಯುತ್ತಾನೆ. ಮೊದಲು ನಟರನ್ನು ಚಿತ್ರೀಕರಿಸಿ, ಆಮೇಲೆ ಒಂದೊಂದೇ ಚೌಕಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಬಿಡಿಸಿದರು. ಇದಕ್ಕೆ ರೋಟೋಸ್ಕೋಪ್ ಎನ್ನುತ್ತಾರೆ. ಮೈಕಲ್ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಜರ್ ಸುಮಾರು 3,000 ಚೌಕಟ್ಟುಗಳನ್ನು ಬಿಡಿಸಲು ಸುಮಾರು 16 ವಾರ ತೆಗೆದುಕೊಂಡರು. 1986ರ ಎಮ್‌ಟಿವಿ ವಿಡಿಯೋ ಪ್ರಶಸ್ತಿಗಳಲ್ಲಿ ಇದಕ್ಕೆ ಆರು ಬಂದವು. 2020ರಲ್ಲಿ ಯೂಟ್ಯೂಬಿನಲ್ಲಿ ನೂರು ಕೋಟಿ ಸಲ ನೋಡಲಾದ ವಿಡಿಯೋಗಳ ಸಾಲಿಗೆ ಸೇರಿತು.

ನೀವು ಗಮನಿಸಬೇಕಾದದ್ದು ಕೊನೆಯ ಭಾಗ. ಹುಡುಗ ಪೆನ್ಸಿಲ್ ಗೆರೆಯಿಂದ ಹೊರಬರಲು ಗೋಡೆಗೆ ಮೈ ಅಪ್ಪಳಿಸುತ್ತಾನೆ. ಒಮ್ಮೆ ಗೆರೆ, ಒಮ್ಮೆ ಮನುಷ್ಯ. ನನಗೆ ಅದು ಆ ಪಲ್ಲವಿಯ ಚಿತ್ರದ ಹಾಗೇ ಕಾಣುತ್ತದೆ. ಎದೆದನಿ ಮತ್ತು ತೆಳುದನಿ, ಒಂದರಿಂದ ಇನ್ನೊಂದಕ್ಕೆ ದಾಟುವ ಒದ್ದಾಟ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಡಿದಾಗ ನನ್ನ ಕೊನೆಯ ಸಾಲು ಬೇರೆಯೇ ಆಯಿತು. ಬರೀ ಸ್ವರ ಮುಟ್ಟುವ ಹಟ ಹೋಗಿ, ಯಾರನ್ನೋ ಕರೆಯುವ ಆಸೆ ಬಂತು.

ಹಂತ 7: ಎಲ್ಲವನ್ನೂ ಸೇರಿಸುವುದು

ಬ್ಯಾಂಡ್‌ಲ್ಯಾಬ್‌ನಂಥ ಉಚಿತ ಆ್ಯಪಿನಲ್ಲಿ ಪದರ ಪದರವಾಗಿ ರೆಕಾರ್ಡ್ ಮಾಡಿ. ಮೊದಲು ತಾಳ, ಆಮೇಲೆ ಎಡಗೈ ಬೇಸ್, ಆಮೇಲೆ ಕಾರ್ಡು, ಆಮೇಲೆ ರಿಫ್. ದನಿ ಕೊನೆಗೆ, ಇಯರ್‌ಫೋನ್ ಹಾಕಿಕೊಂಡು. ಮೊದಲ ಸಲ 169ರ ವೇಗ ಬೇಡ, 140ರಲ್ಲಿ ಮಾಡಿ. ಪಲ್ಲವಿಯ ಮೊದಲೆರಡು ಸಾಲಿಗೆ ಹಿಂದಿನಿಂದ ಮರುದನಿ ಬರುತ್ತದೆ. ಅದನ್ನೂ ನೀವೇ ಇನ್ನೊಂದು ಟ್ರ್ಯಾಕಿನಲ್ಲಿ ಮೆಲ್ಲಗೆ ಹಾಡಿ ಸೇರಿಸಿ.

ಯೂಟ್ಯೂಬಿಗೆ ಹಾಕುವುದಾದರೆ ಮೂಲ ರೆಕಾರ್ಡಿಂಗಿನ ಒಂದು ತುಣುಕೂ ಸೇರಿಸಬೇಡಿ. ಪೂರ್ತಿ ನೀವೇ ನುಡಿಸಿದ್ದರೂ ಹಾಡಿನ ಹಕ್ಕು ಅವರದ್ದೇ ಆದ್ದರಿಂದ ಹಕ್ಕುದಾರರ ಕ್ಲೇಮ್ ಬರಬಹುದು, ಜಾಹೀರಾತಿನ ಹಣ ಅವರಿಗೆ ಹೋಗಬಹುದು. ಅದು ನ್ಯಾಯವೇ.

ನಿಮ್ಮದೇ ರೀತಿಯಲ್ಲಿ ಹಾಡಲೂ ಹಿಂಜರಿಯಬೇಡಿ. 2000ರಲ್ಲಿ 'ಎ1' ಎಂಬ ಬ್ಯಾಂಡ್ ಇದೇ ಹಾಡನ್ನು ಹಾಡಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅಲ್ಲಿ ಮೂಲ ಹಾಡು 2ರಲ್ಲೇ ನಿಂತಿತ್ತು.

ಮನೆಯಲ್ಲಿ ಇನ್ನೊಬ್ಬರಿದ್ದರೆ ಒಬ್ಬರು ಹಾಡಿ, ಒಬ್ಬರು ನುಡಿಸಿ. ನಮ್ಮ ಮನೆಯಲ್ಲಿ ಮಗಳು ರಿಫ್ ನುಡಿಸುತ್ತಾಳೆ, ನಾನು ಎಡಗೈ ಕೆಲಸ ಮತ್ತು ದನಿ. ಕೊನೆಯ ಸ್ವರವನ್ನು ಹಿಡಿದಾಗ ಅದರಲ್ಲೇ ಮೈಮರೆಯಬೇಡಿ. ಅದು ಇನ್ನೂ ಗಾಳಿಯಲ್ಲಿರುವಾಗಲೇ ರಿಫ್ ಮತ್ತೆ ಶುರುವಾಗುತ್ತದೆ. ಎಡಗೈ ಆಗಲೇ ಬಿ ಮೈನರ್ ಮೇಲೆ ಸಿದ್ಧವಾಗಿರಲಿ.